ಪದಕದ ಪೂಜೆ, ಚಿಪ್ಪಿನ ಪಜೀತಿ

ಹೋದ ಭಾನುವಾರ ಗಂಗಾವತಿಯಲ್ಲಿ ನಾನು ಒಂದು ಚಿಟಿಕೆ ಕುಂಕುಮಕ್ಕೆ ಚಪ್ಪಾಳೆ ತಟ್ಟಿ ಬಂದೆ. ನಾನೊಬ್ಬನೇ ಅಲ್ಲ, ಇಡೀ ಓಣಿಯೇ ತಟ್ಟಿತು.

ಆಗಿದ್ದಿಷ್ಟು. ನನ್ನ ಅಣ್ಣನ ಮಗಳು ಶೈಲಾಗೆ ವಿಜ್ಞಾನಿಗಳ ಸಂಘವೊಂದು ಪದಕ ಕೊಟ್ಟಿದೆ. ಸೂಕ್ಷ್ಮ ಪಳೆಯುಳಿಕೆಗಳ ಸಂಶೋಧನೆಗೆ. ಅಂದರೆ? ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಜೀವಿಗಳ ಚಿಪ್ಪು ಕಲ್ಲಾಗಿ ಉಳಿದಿರುತ್ತದಲ್ಲ, ಅದು. ಒಂದೊಂದೂ ಗಸಗಸೆಗಿಂತ ಸಣ್ಣದು. (ನನಗೆ ಗೊತ್ತಿರುವುದು ಇಷ್ಟೇ. ಹೆಚ್ಚಿಗೆ ಕೇಳಬೇಡಿ.)

ಅಣ್ಣನದು ಅಕ್ಕಿ ಗಿರಣಿ. ಮಗಳು ಏನು ಮಾಡುತ್ತಾಳೆ ಎಂದು ಯಾರು ಕೇಳಿದರೂ ಅವನದೊಂದೇ ಉತ್ತರ: “ನಾವು ಅಕ್ಕ್ಯಾಗಿನ ಕಲ್ಲು ಆರಿಸಿ ಒಗೀತೀವ್ರಿ. ಆಕಿ ಕಲ್ಲು ಆರಿಸಿ ಇಟಗೋತಾಳ.”

ಎಲ್ಲರೂ ನಗುತ್ತಾರೆ. ಶೈಲಾ ನಗುವುದಿಲ್ಲ. ಇಷ್ಟು ವರ್ಷದಲ್ಲಿ ಅಪ್ಪ ಒಮ್ಮೆಯೂ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿಲ್ಲ ಎಂಬ ಕೊರಗು ಅವಳದು. ಅದಕ್ಕೇ ಮನೆಯಲ್ಲಿ ಸನ್ಮಾನ ಅಂದಾಗ ಮೈಕ್ರೋಸ್ಕೋಪನ್ನೇ ಹೊತ್ತು ತಂದಿದ್ದಳು. ಜೊತೆಗೊಂದು ಸ್ಲೈಡು. ಅದರ ನಡುವಿನ ಕಪ್ಪು ಗುಳಿಯಲ್ಲಿ, ಗಾಜಿನ ಕೆಳಗೆ, ಒಂದೇ ಒಂದು ಚಿಪ್ಪು. ಪದಕ ತಂದುಕೊಟ್ಟದ್ದೇ ಅದು. ಇವತ್ತು ಅಪ್ಪನಿಗೆ ತೋರಿಸಿಯೇ ಬಿಡುತ್ತೇನೆ ಕಾಕಾ, ಅಂದಳು.

ಆದರೆ ನಮ್ಮ ಮನೆಗೆ ಹೊಸದೇನು ಬಂದರೂ ಪೂಜೆಯಾಗದೆ ಚಾಲೂ ಆಗುವಂತಿಲ್ಲ. ಟ್ರ್ಯಾಕ್ಟರು, ಫ್ರಿಜ್ಜು, ಕಡೆಗೆ ಮೊಬೈಲ್ ಚಾರ್ಜರು ಕೂಡ! ಶೈಲಾ ಸೀರೆ ಉಡಲು ಒಳಗೆ ಹೋದದ್ದೇ ತಡ, ಅತ್ತಿಗೆ ಪದಕಕ್ಕೆ ಕುಂಕುಮ ಹಚ್ಚಿದರು. ಮೈಕ್ರೋಸ್ಕೋಪಿಗೆ ವಿಭೂತಿ ಎಳೆದರು. ಸ್ಲೈಡನ್ನು ಬಿಟ್ಟರೆ ಅದು ಬೇಜಾರು ಮಾಡಿಕೊಳ್ಳುವುದಿಲ್ಲವೇ? ಗಾಜು ಸರಿಸಿ ಅದರೊಳಗೂ ಒಂದು ಚಿಟಿಕೆ ಕುಂಕುಮ ಉದುರಿಸಿದರು.

ನೆಂಟರು, ಓಣಿಯವರು ಸಾಲುಗಟ್ಟಿ ಇಣುಕಿದರು. ಕೆಂಪು ಗುಡ್ಡಗಳನ್ನು ಕಂಡು ಬೆರಗಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸಮುದ್ರ ಇಷ್ಟು ಕೆಂಪಗಿತ್ತಾ ಎಂದು ಒಬ್ಬರು ನನ್ನನ್ನೇ ಕೇಳಿದರು. ನಾನು ಗಂಭೀರವಾಗಿ ಹೌದು ಅಂದೆ.

ಕೊನೆಗೆ ಶೈಲಾ ಬಂದು ನೋಡಿದಳು. ಕುಂಕುಮದಡಿ ಚಿಪ್ಪು ಕಾಣದೆ ಕುರ್ಚಿಗೆ ಕುಸಿದಳು. ವಿಷಯ ತಿಳಿದ ಅತ್ತಿಗೆಯ ಕಣ್ಣಲ್ಲಿ ನೀರು.

ಆಗ ಅಣ್ಣ ಎದ್ದ. ಬೊಗಸೆ ಅಕ್ಕಿಯಲ್ಲಿ ಒಂದು ಹರಳಿದ್ದರೂ ಹಿಡಿಯುವ ಕಣ್ಣು ಅವನದು. ಮಗಳ ತೆಳು ಬ್ರಷ್ ಇಸಿದುಕೊಂಡ. ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ, ಕುಂಕುಮವನ್ನು ಒಂದೊಂದೇ ಕಣ ಸರಿಸತೊಡಗಿದ. ಶಾಲು ಹಿಡಿದ ಮುಖ್ಯ ಅತಿಥಿಗಳು ನಿಂತೇ ಇದ್ದರು. ಹೋಳಿಗೆ ಆರುತ್ತಿತ್ತು. ಅರ್ಧ ತಾಸಿನ ಮೇಲೆ, ಸಿಕ್ಕಿತು ಅಂದ. ಆದರೆ ಏಳಲಿಲ್ಲ. ನೋಡುತ್ತಲೇ ಇದ್ದ.

“ಇದರಾಗ ಖೋಲಿಗೆ ಹತ್ತಿ ಖೋಲಿ ಅದಾವಲ್ಲವ್ವ,” ಅಂದ ಮೆಲ್ಲಗೆ, ಚಿಪ್ಪಿನೊಳಗಿನ ಸಾಲು ಕೋಣೆಗಳನ್ನು ಎಣಿಸುತ್ತಾ. “ಇಷ್ಟು ದಿನ ನನಗ ಯಾಕ ತೋರಿಸಲಿಲ್ಲ?”

ಶೈಲಾಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

ಕೊಪ್ಪಳಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ನನಗೂ ಧೈರ್ಯ ಬಂತು. ವಾರ ವಾರ ಪೇಪರಿನಲ್ಲಿ ನಾನೇನು ಬರೆಯುತ್ತೇನೆ ಗೊತ್ತಾ ಎಂದು ಹೆಂಡತಿಯನ್ನು ಕೇಳಿಯೇಬಿಟ್ಟೆ.

“ಗೊತ್ತಿಲ್ದ ಏನ್ರಿ? ಅಡಗಿಮನಿ ಕಪಾಟಿನ್ಯಾಗ ನಿಮ್ಮ ಪುಟಾನ ಹಾಸ್ತೀನಲ್ಲ.”