ಮುತ್ತಕ್ಕ ಬರೆದ ಗೋಡೆ

ಮೊನ್ನೆ ಪುತ್ತೂರು ಪೇಟೆಯಲ್ಲಿ ರಬ್ಬರ್ ಶೀಟು ಕೊಳ್ಳುವ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ಆ ಹುಳಿ ಬೆರೆತ ಹೊಗೆಯ ವಾಸನೆ ಬಂತು. ಬೇರೆಯವರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನಾನು ಮಾತ್ರ ಹಿತವೆನಿಸಿ ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅಪ್ಪ ಸುಳ್ಯದ ಹತ್ತಿರದ ರಬ್ಬರ್ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಮ್ಮ ಮನೆಯ ಹಿಂದೆಯೇ ಸಿಲೋನಿನ ಚಹಾ ತೋಟಗಳಿಂದ ಮರಳಿ ಬಂದ ತಮಿಳು ಕೆಲಸಗಾರರ, ಸಾಲಾಗಿ ಕಟ್ಟಿದ ಲೈನು ಮನೆಗಳು. ಕೊನೆಯ ಮನೆ ಮುತ್ತಕ್ಕನದು. ಬೆಳಗ್ಗೆಯೆಲ್ಲ ಮರದಿಂದ ಹಾಲು ತೆಗೆಯುವ ಅವಳು ಮಧ್ಯಾಹ್ನದ ಮೇಲೆ ಗೋಡೆಯ ಮುಂದೆ ಕೂತು ಚಿತ್ರ ಬರೆಯುತ್ತಿದ್ದಳು. ಕೆಮ್ಮಣ್ಣು, ಇದ್ದಿಲು, ಬಸಳೆ ಹಣ್ಣಿನ ನೇರಳೆ ರಸ, ಇಷ್ಟೇ ಅವಳ ಬಣ್ಣ. ಚಹಾದ ಗುಡ್ಡ, ಬುಟ್ಟಿ ಹೊತ್ತ ಹೆಂಗಸರು, ಸಮುದ್ರ, ಹಡಗು ಎಲ್ಲವನ್ನೂ ನಾನು ಮೊದಲು ಕಂಡದ್ದು ಆ ಗೋಡೆಯಲ್ಲಿ.

ಒಂದು ವರ್ಷ ದೀಪಾವಳಿಗೆ ಮೊದಲು ತೋಟದವರು ಲೈನು ಮನೆಗಳಿಗೆಲ್ಲ ಸುಣ್ಣ ಬಳಿಸಿದರು. ಅವಳ ಗುಡ್ಡ, ಹಡಗು ಎಲ್ಲ ಅರ್ಧ ದಿನದಲ್ಲಿ ಬಿಳಿಯಾದವು. ಮುತ್ತಕ್ಕ ತಿಂಗಳಾದರೂ ಬಣ್ಣ ಮುಟ್ಟಲಿಲ್ಲ. ಕೊನೆಗೆ ಅಮ್ಮನೇ ಅವಳನ್ನು ಕರೆದು, "ನಮ್ಮ ಮನೆಯ ಚಾವಡಿಯ ಗೋಡೆ ಉಂಟಲ್ಲ, ಅದರಲ್ಲಿ ಬರಿ. ನಿನ್ನ ಊರೇ ಬರಿ" ಎಂದಳು.

"ನನ್ನ ಊರು ಯಾವುದಮ್ಮಾ? ಅಲ್ಲಿ ನಮ್ಮನ್ನು ಇಂಡಿಯಾದವರು ಅಂತಿದ್ರು. ಇಲ್ಲಿ ಸಿಲೋನಿನವರು ಅಂತಾರೆ."

"ಮೊದಲು ಕಾಫಿ ಕುಡಿ ಮಾರಾಯ್ತಿ" ಎಂದು ಅಮ್ಮ ಲೋಟ ಕೊಟ್ಟು, ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲೇ ಕೂತಳು.

ಮುತ್ತಕ್ಕ ಎಂಟು ದಿನ ಬರೆದಳು. ಚಹಾದ ಗುಡ್ಡ ಇಳಿಯುತ್ತ ಇಳಿಯುತ್ತ ರಬ್ಬರ್ ತೋಟವಾಗಿತ್ತು. ಬುಟ್ಟಿ ಹೊತ್ತವರ ಹಿಂದೆಯೇ ಹಾಲಿನ ಬಕೆಟ್ ಹಿಡಿದವರು. ಲೈನಿನ ಹೆಂಗಸರೆಲ್ಲ ಬಂದು, ಇದು ನಾನು, ಅದು ನೀನು ಎಂದು ಬೆರಳಿಟ್ಟು ನಕ್ಕರು. ಒಂದು ಮೂಲೆಯಲ್ಲಿ ಎರಡು ಜಡೆಯ ನಾನಿದ್ದೆ. ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದ ಅಮ್ಮ. ಅಮ್ಮನ ಪಕ್ಕದಲ್ಲಿ ಕೂತವಳು ಯಾರೆಂದು ಕೇಳಿದೆ.

"ನಾನೇ" ಎಂದಳು ಮುತ್ತಕ್ಕ. ಅಲ್ಲಿಯವರೆಗೆ ಅವಳು ಬರೆದ ಯಾವ ಚಿತ್ರದಲ್ಲೂ ಅವಳಿರಲಿಲ್ಲ.

ಎಂಬತ್ತರ ದಶಕದಲ್ಲಿ ಅಪ್ಪನಿಗೆ ವರ್ಗವಾಯಿತು. ಮುತ್ತಕ್ಕ ಅಲ್ಲಿಯೇ ಉಳಿದಳು, ಅಲ್ಲಿಯೇ ತೀರಿಕೊಂಡಳು. ಚಾವಡಿಯಲ್ಲಿ ಚಿತ್ರವಿದ್ದ ಆ ಮನೆಯನ್ನೂ ಕೆಡವಿದರಂತೆ. ಅಮ್ಮ ಹೋದ ಮೇಲೆ ನಾವು ಹಳೆಯ ಫೋಟೊಗಳನ್ನೆಲ್ಲ ಹುಡುಕಿದೆವು. ಆ ಪ್ರಾಯದ ಅಮ್ಮ ಒಂದರಲ್ಲೂ ಇಲ್ಲ, ಇದ್ದದ್ದು ಆ ಗೋಡೆಯಲ್ಲಿ ಮಾತ್ರ.