ಕ್ಲಚ್ ಇಲ್ಲದ ಕಾರು

ನಡೆಯಲು ಕಲಿಯುತ್ತಿದ್ದ ವಯಸ್ಸಿನಲ್ಲಿ ಬಂದ ಪೋಲಿಯೊ ನನ್ನ ಎಡಗಾಲನ್ನು ಸೊರಗಿಸಿಬಿಟ್ಟಿತು. ಇಂದಿಗೂ ಆ ಮೊಣಕಾಲಿನ ಮೇಲೆ ಕೈಯೂರಿಯೇ ಹೆಜ್ಜೆ ಹಾಕುತ್ತೇನೆ. ಕರೆಂಟಿನ ಕಾರು ಯಾಕೆ ಕೊಂಡಿರಿ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇಷ್ಟೇ: ಅದಕ್ಕೆ ಕ್ಲಚ್ ಇಲ್ಲ. ಬಲಗಾಲೊಂದಿದ್ದರೆ ಸಾಕು.

ನಾನು ಕಮಲಾಪುರದ ಸರಕಾರಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಮನೆ ಕಲಬುರಗಿಯ ಅಂಚಿಗೆ, ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಕಾರು ಬರುವ ಮುಂಚೆ ಮೂರು ಗಾಲಿಯ ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿಯುತ್ತಿದ್ದೆ. ಬಸ್ಸಿನ ಮೊದಲ ಮೆಟ್ಟಿಲು ನನಗೆ ಎಟುಕುವುದಿಲ್ಲ. ಹಿಂದಿನಿಂದ ಯಾರೋ ಎತ್ತುತ್ತಿದ್ದರು, ಮುಂದಿನಿಂದ ಯಾರೋ ರಟ್ಟೆ ಹಿಡಿದು ಎಳೆದುಕೊಳ್ಳುತ್ತಿದ್ದರು. ಒಳ್ಳೆಯ ಮನಸ್ಸಿನವರೇ. ಆದರೆ ಮುಟ್ಟುವ ಮುಂಚೆ ಒಬ್ಬರೂ ಕೇಳುತ್ತಿರಲಿಲ್ಲ.

ಪೆಟ್ರೋಲಿನಲ್ಲೂ ಕ್ಲಚ್ ಇಲ್ಲದ ಗಾಡಿಗಳಿವೆ. ದಿನಾ ಕಮಲಾಪುರಕ್ಕೆ ಹೋಗಿ ಬರುವ ಪೆಟ್ರೋಲಿನ ಖರ್ಚು ನೆನೆದರೆ ಎದೆ ಝಲ್ಲೆನ್ನುತ್ತಿತ್ತು. ಕರೆಂಟಿನದಾದರೆ ಮನೆಯ ಬಿಲ್ಲಿನಲ್ಲೇ ಮುಗಿಯುತ್ತದೆ ಎಂದರು. ಶೋರೂಮಿನ ಹುಡುಗಿ ಬಾನೆಟ್ ಎತ್ತಿ ತೋರಿಸಿ, "ಮೇಡಂ, ಇದ್ರಾಗ ಆಯಿಲ್ ಇಲ್ರೀ, ಬೆಲ್ಟ್ ಇಲ್ರೀ, ಇಂಜಿನ್ನೇ ಇಲ್ರೀ. ಕೆಡಾಕ ಏನದ ಹೇಳ್ರೀ?" ಅಂದಳು. ನನಗೂ ಹೌದೆನ್ನಿಸಿತು.

ಕಾರು ಮನೆಗೆ ಬಂದ ಭಾನುವಾರ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಗೇಟು ದಾಟಿ ಎಷ್ಟೋ ದೂರ ಬಂದ ಮೇಲೆ ಅವ್ವ, "ಚಾಲೂ ಆಗ್ಯಾದೇನು? ಸಪ್ಪಳನ ಇಲ್ಲಲ್ಲ" ಅಂದಳು. ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತು ನನ್ನನ್ನು ಓದಿಸಿದವಳು ಅವಳು. ಐವಾನ್-ಎ-ಶಾಹಿ ಬಡಾವಣೆಯ ಕಡೆ ಹೋಗು ಅಂದಳು. ಅಲ್ಲಿ ತಾನು ಮಣ್ಣು, ಖಡಿ ಹೊತ್ತು ಕಟ್ಟಿದ ಮನೆಗಳನ್ನು ಕಿಟಕಿಯ ಗಾಜು ಇಳಿಸಿ ಒಂದೊಂದಾಗಿ ತೋರಿಸಿದಳು. ಆಮೇಲೆ ಊರ ನಡುವಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋದೆವು. ಆಟೋಗಳ ನಡುವೆ ಸಿಕ್ಕಿಬಿದ್ದು, ಬೆವರಿ, ನಗುತ್ತಾ ಮನೆಗೆ ಬಂದೆವು. ಅಂಥ ದಿನ ನನ್ನ ಬಾಳಿನಲ್ಲಿ ಹೆಚ್ಚು ಬಂದಿಲ್ಲ.

ಮೊದಲ ವರ್ಷ ಹೀಗೇ ನಡೆಯಿತು. ರಾತ್ರಿ ಅಂಗಳದಲ್ಲಿ ವೈರು ಚುಚ್ಚಿಟ್ಟರೆ ಬೆಳಿಗ್ಗೆ ಗಾಡಿ ಸಿದ್ಧ. ಕರೆಂಟಿನ ಬಿಲ್ಲು ಏರಿತು, ಆದರೆ ಹೆದರಿದಷ್ಟಲ್ಲ. ರಸಾಯನಶಾಸ್ತ್ರ ಕಲಿಸುವ ಗೆಳತಿಯೊಬ್ಬಳು ದಾರಿಯಲ್ಲಿ ನನ್ನ ಜೊತೆಯಾಗುತ್ತಿದ್ದಳು. ಅವಳು ಡಬ್ಬಿ ತೆಗೆದು ಅವಲಕ್ಕಿ ತಿನ್ನುತ್ತಾ ಹಿಂದಿನ ದಿನದ ಸ್ಟಾಫ್ ರೂಮಿನ ಜಗಳಗಳನ್ನು ಹೇಳುವಳು. ಸರ್ವಿಸ್ ಎಂದರೆ ಗಾಡಿ ತೊಳೆದು, ಗಾಳಿ ನೋಡಿ, ಕಂಪ್ಯೂಟರಿಗೆ ಜೋಡಿಸಿ ತೆಗೆದು ವಾಪಸ್ಸು ಕೊಡುವುದು. ಅಷ್ಟೇ.

ಎರಡನೆಯ ವರ್ಷದ ಬೇಸಿಗೆ ಮುಗಿಯುತ್ತಿದ್ದಾಗ, ಕಾಲೇಜಿನಿಂದ ಮರಳುವ ದಾರಿಯಲ್ಲಿ, ಮಹಾಗಾಂವ ಕ್ರಾಸ್ ಇನ್ನೂ ಮುಂದಿರುವಾಗಲೇ ಎದುರಿನ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂದಿತ್ತು. ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇತ್ತು. ನಾನು ಬದಿಗೆ ತರುವಷ್ಟರಲ್ಲಿ ಕಾಲ ಕೆಳಗಿನ ಶಕ್ತಿ ಬಸಿದುಹೋದಂತೆ ಕಾರು ನಿಧಾನಿಸಿ ನಿಂತಿತು. ಹಿಂದಿನ ಭಾಗ ಇನ್ನೂ ರಸ್ತೆಯ ಮೇಲೇ ಇತ್ತು. ಎಸಿ ನಿಂತಿತು. ಒತ್ತಿದ ಗುಂಡಿ ಯಾವುದೂ ಕೇಳಲಿಲ್ಲ.

ಲಾರಿಗಳು ಹಾರ್ನ್ ಹೊಡೆಯುತ್ತಾ ಮೈಗೆ ತಾಗುವಂತೆ ಹೋಗುತ್ತಿದ್ದವು. ಗೆಳತಿ ಇಳಿದು ತನ್ನ ದುಪಟ್ಟಾ ಬೀಸುತ್ತಾ ಹಿಂದೆ ನಿಂತಳು. ಹೊಲದಿಂದ ಬರುತ್ತಿದ್ದವರು, ಬೈಕಿನವರು, ಎಲ್ಲರೂ ನಿಂತರು. ನಮ್ಮ ಕಡೆಯ ಜನ ಹಾಗೆ, ನಿಂತ ಗಾಡಿ ಕಂಡರೆ ಸುಮ್ಮನೆ ಹೋಗಲಾರರು. ನಾಲ್ಕಾರು ಜನ ಹಿಂದಿನಿಂದ ಹೆಗಲು ಕೊಟ್ಟರು. ಗಾಡಿ ಅಲುಗಲಿಲ್ಲ.

"ಅಕ್ಕಾರ, ನ್ಯೂಟ್ರಲ್ ಮಾಡ್ರೀ!"

"ಆಗವಲ್ದ್ರೀ. ಗಾಲಿ ಲಾಕ್ ಆಗ್ಯಾವ."

ಟ್ರ್ಯಾಕ್ಟರಿನವನೊಬ್ಬ ಹಗ್ಗ ತಂದ. ಅಷ್ಟರಲ್ಲಿ ಕಂಪನಿಯ ಸಹಾಯದ ನಂಬರು ಸಿಕ್ಕಿತ್ತು. ಆ ಕಡೆಯ ಹೆಣ್ಣುಮಗಳು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದಳು: ಎಳೆಯಬೇಡಿ, ಎಳೆದರೆ ಮೋಟರ್ ಹೋಗುತ್ತದೆ, ಆಮೇಲೆ ನಮ್ಮ ಜವಾಬ್ದಾರಿ ಇಲ್ಲ. ಹತ್ತಿರದ ಗುರುತು ಏನು ಎಂದು ಕೇಳಿದಳು. ನಾನು ಖಾಲಿ ಹೊಲ, ಬೇವಿನ ಮರ ಅಂದೆ. ಪಿನ್ ಕೋಡ್ ಕೇಳಿದಳು. ಟ್ರ್ಯಾಕ್ಟರಿನವನು ಹಗ್ಗ ಸುತ್ತಿಕೊಂಡು, "ಹಂಗಾದ್ರ ನಾವೇನ್ ಮಾಡೂದ್ರೀ?" ಅಂದ. ಸುತ್ತ ಅಷ್ಟು ಜನ ನಿಂತಿದ್ದರು. ಎಲ್ಲರ ತೋಳಿನಲ್ಲೂ ಬಲವಿತ್ತು. ಯಾರಿಂದಲೂ ಏನೂ ಆಗುವಂತಿರಲಿಲ್ಲ.

ಗಾಡಿಯನ್ನು ಪೂರ್ತಿ ಮೇಲೆ ಹೊತ್ತುಕೊಂಡು ಹೋಗುವ ಲಾರಿಯೇ ಬೇಕಿತ್ತು. ಅದು ಬೀದರಿನಿಂದ ಬರುವ ಹೊತ್ತಿಗೆ ಸೂರ್ಯ ಮುಳುಗುತ್ತಿದ್ದ. ಕಾರನ್ನು ಸರಪಳಿಯಿಂದ ಮೇಲೆಳೆದುಕೊಂಡ ಮೇಲೆ ಡ್ರೈವರು ಕ್ಯಾಬಿನ್ನಿನ ಬಾಗಿಲು ತೆರೆದು "ಆವೋ ಮ್ಯಾಡಂ" ಅಂದ. ಆ ಮೆಟ್ಟಿಲು ನನ್ನ ಎದೆಯ ಮಟ್ಟಕ್ಕಿತ್ತು. ನಾನು ಆಗುವುದಿಲ್ಲ ಎಂದು ತಲೆಯಾಡಿಸಿದೆ. ಲಾರಿ ನನ್ನ ಕಾರನ್ನು ಹೊತ್ತು ಮುಂದೆ ಹೋಯಿತು. ಗೆಳತಿ ಮತ್ತು ನಾನು ಜನ ತುಂಬಿದ ಟಂಟಂ ಆಟೋ ಒಂದರಲ್ಲಿ ಅದರ ಹಿಂದೆ ಬಂದೆವು.

ಸರ್ವಿಸ್ ಸೆಂಟರು ಊರ ಹೊರಗೆ. ಅಲ್ಲಿನ ಸಲಹೆಗಾರ ಬಹಳ ಮರ್ಯಾದೆಯ ಮನುಷ್ಯ. ಮರುದಿನ ಹೋದಾಗ ಕುರ್ಚಿ ಎಳೆದುಕೊಟ್ಟು ಹೇಳಿದ: "ಮೇಡಂ, ಬ್ಯಾಟರಿದೇ ಪ್ರಾಬ್ಲಂ ಅನಸ್ತದರೀ. ಅದನ್ನ ಮುಟ್ಟಾಕ ಟ್ರೇನಿಂಗ್ ಆದವರು ನಮ್ಮಲ್ಲಿ ಒಬ್ರೇ ಅದಾರ್ರೀ. ಅವರು ಹೈದರಾಬಾದಿಗೆ ಹೋಗ್ಯಾರ. ಬಂದ ಮ್ಯಾಲೆ ನೋಡೂಣು."

"ಅಲ್ಲೀತನಕ?"

"ಅಲ್ಲೀತನಕ ಯಾರೂ ಮುಟ್ಟಂಗಿಲ್ರೀ."

ಷೆಡ್ಡಿನ ಮೂಲೆಯಲ್ಲಿ ನನ್ನ ಕಾರಿನ ಸುತ್ತ ಹಳದಿ ಕಪ್ಪು ಪಟ್ಟಿ ಕಟ್ಟಿ, ಅಪಾಯದ ಬೋರ್ಡು ನಿಲ್ಲಿಸಿದ್ದರು. ಪಕ್ಕದಲ್ಲಿ ಡೀಸೆಲ್ ಗಾಡಿಗಳನ್ನು ಬಿಚ್ಚಿ ಜೋಡಿಸಿ ಕಳಿಸುತ್ತಲೇ ಇದ್ದರು. ಬೆಳಿಗ್ಗೆ ಬಂದ ಗಾಡಿ ಸಂಜೆಗೆ ಹೋಗುತ್ತಿತ್ತು.

ಟ್ರೇನಿಂಗ್ ಆದವನು ಬಂದ. ನೋಡಿದ, ಫೋಟೊ ತೆಗೆದ, ಕಂಪನಿಗೆ ಕಳಿಸಿದ. ಎಷ್ಟೋ ವಾರಗಳ ನಂತರ ಕಂಪನಿಯ ಉತ್ತರ ಬಂತು: ಕಾರಿನ ಅಡಿಯಲ್ಲಿರುವ ಬ್ಯಾಟರಿಯ ತಳದಲ್ಲಿ ತರಚಿದ ಗುರುತಿದೆ, ಹೊರಗಿನ ಪೆಟ್ಟು ಬಿದ್ದಿದೆ, ವಾರಂಟಿ ಬರುವುದಿಲ್ಲ, ವಿಮೆಯವರನ್ನು ಕೇಳಿ. ನಮ್ಮ ಬಡಾವಣೆಯ ರಸ್ತೆ ನೋಡಿದವರಿಗೆ ಗೊತ್ತು, ಅಲ್ಲಿ ತಳ ತರಚದ ಗಾಡಿಯೇ ಇಲ್ಲ. ವಿಮೆಯವರ ಕಡೆಯಿಂದ ಒಬ್ಬರು ಬಂದು ಮೊಬೈಲಿನ ದೀಪ ಹಿಡಿದು ತಳಕ್ಕೆ ಬಗ್ಗಿ ನೋಡಿದರು. "ಇದು ಆಕ್ಸಿಡೆಂಟ್ ಅಲ್ರೀ ಮೇಡಂ. ಗೀರು ಅದ, ಖರೇ. ಆದ್ರ ಒಳಗಿಂದು ತಾನ ಕೆಟ್ಟದ. ಕಂಪನಿಯವರೇ ಕೊಡಬೇಕು" ಅಂದು ಕೈ ಒರೆಸಿಕೊಂಡು ಹೋದರು.

ಹೊಸ ಬ್ಯಾಟರಿ ಹಾಕಿಸಿದರೆ ಎಷ್ಟಾಗುತ್ತದೆ ಎಂದು ಕೇಳಿದೆ. ಸಲಹೆಗಾರ ಬಾಯಿಂದ ಹೇಳಲಾರದೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನನ್ನ ಕಡೆ ತಿರುಗಿಸಿದ. ಕಾರಿನ ಅರ್ಧ ಬೆಲೆಗಿಂತ ಹೆಚ್ಚಿತ್ತು.

ನಾನು ಮತ್ತೆ ಬಸ್ಸಿಗೆ ಹೋದೆ. ಮೂರು ಗಾಲಿಯ ಸ್ಕೂಟರು ಮಾರಿಯಾಗಿತ್ತು, ಹಾಗಾಗಿ ನಿಲ್ದಾಣದವರೆಗೆ ಆಟೋ. ಮತ್ತೆ ಅದೇ ಕೈಗಳು, ಅದೇ ರಟ್ಟೆ. ಮೊದಲು ಅಭ್ಯಾಸವಾಗಿಹೋಗಿದ್ದದ್ದು ಈಗ ಹೊಸ ಗಾಯದಂತೆ ಉರಿಯತೊಡಗಿತು. ಒಂದು ಮಳೆಯ ಬೆಳಿಗ್ಗೆ ಕಂಡಕ್ಟರು, "ಮೇಡಂ ಹತ್ತೂತನಕ ನಿಂದರ್ರೋ" ಎಂದು ಕೂಗಿದ. ಇಡೀ ಬಸ್ಸು ತಿರುಗಿ ನನ್ನತ್ತ ನೋಡಿತು. ಕರುಣೆಯಿಂದಲೇ ನೋಡಿತು. ನಾನು ಕಿಟಕಿಯ ಪಕ್ಕ ಕೂತು ಕಮಲಾಪುರ ಬರುವವರೆಗೂ ಹೊರಗೇ ಮುಖ ಮಾಡಿದ್ದೆ.

ಸಂಜೆ ಮನೆಗೆ ಬಂದರೆ ಅವ್ವನ ಮೊದಲ ಪ್ರಶ್ನೆ ಒಂದೇ: "ಏನಂದ್ರವ್ವ ಗಾಡಿಗಿ?" ದವಾಖಾನೆಯಲ್ಲಿ ಮಲಗಿದವರನ್ನು ವಿಚಾರಿಸುವ ದನಿ ಅದು. ಕಂಪನಿಗೆ ಮತ್ತೆ ಬರೆದಿದ್ದೇನೆ ಎನ್ನುತ್ತಿದ್ದೆ. ಒಂದು ದಿನ ಅವ್ವ, "ನನ್ನ ಕರಕೊಂಡು ನಡಿ. ನಾ ನೋಡ್ತೀನಿ" ಅಂದಳು.

ಆಟೋದಲ್ಲಿ ಹೋದೆವು. ಅವ್ವ ಅಪಾಯದ ಬೋರ್ಡನ್ನು ಲೆಕ್ಕಿಸದೆ ಪಟ್ಟಿ ಎತ್ತಿ ಒಳಗೆ ನುಗ್ಗಿದಳು. ಗಾಜಿನ ಮೇಲೆ ದಪ್ಪ ಧೂಳು ಕೂತಿತ್ತು. ಸೆರಗಿನಿಂದ ತಾನು ಕೂರುತ್ತಿದ್ದ ಕಡೆಯ ಗಾಜನ್ನು ಒರೆಸಿದಳು. ಯಾರೋ "ಅಜ್ಜಿ, ಮುಟ್ಟಬ್ಯಾಡ್ರಿ" ಎಂದು ಓಡಿ ಬಂದರು. ಮ್ಯಾನೇಜರೂ ಹೊರಗೆ ಬಂದರು. ನಡುವಯಸ್ಸಿನವರು, ಸೌಮ್ಯ ಮುಖ. ನಮ್ಮಿಬ್ಬರನ್ನೂ ಕೂರಿಸಿ ಚಹಾ ತರಿಸಿದರು.

"ಸಾಹೇಬ್ರ, ನನ್ನ ಮಗಳಿಗಿ ಕಾಲಿಲ್ಲ. ಈ ಗಾಡೀನೇ ಕಾಲು. ನೀವು ಕಾಲು ಇಟಕೊಂಡು ಕುಂತೀರಿ" ಅಂದಳು ಅವ್ವ.

ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ನಾನು ಅಷ್ಟು ದಿನ ಫೋನಿನಲ್ಲಿ, ಬರಹದಲ್ಲಿ, ಒಮ್ಮೆಯೂ ಕಾಲಿನ ಮಾತು ತೆಗೆದಿರಲಿಲ್ಲ.

ಮ್ಯಾನೇಜರು ಕುರ್ಚಿಯನ್ನು ಅವ್ವನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಅವ್ವಾರ, ನಿಮ್ಮ ಮಾತು ಬರೋಬರಿ ಅದ. ಆದ್ರ ನನ್ನ ಕೈಯಾಗ ಏನೂ ಇಲ್ರೀ. ಮ್ಯಾಲಿನವರಿಗಿ ಬರದೀನಿ, ಮತ್ತ ಬರೀತೀನಿ" ಅಂದರು.

"ಯಾರ ಕೈಯಾಗ ಅದ ಹೇಳ್ರೀ, ಅವರ ಹಂತೇಕ ಹೋಗ್ತೀವಿ."

ಮ್ಯಾನೇಜರಿಗೂ ಗೊತ್ತಿರಲಿಲ್ಲ. ಮೇಲ್ ಕಳಿಸಿದರೆ ಹೆಸರಿಲ್ಲದ ಉತ್ತರ ಬರುತ್ತಿತ್ತಂತೆ. ಅಲ್ಲಿಂದ ಬರುವಾಗ ನನಗೆ ಯಾರ ಮೇಲಾದರೂ ಸಿಟ್ಟಾಗಬೇಕಿತ್ತು. ಸಿಟ್ಟಾಗಲು ಎದುರಿಗೆ ಒಬ್ಬ ಕೆಟ್ಟ ಮನುಷ್ಯನಾದರೂ ಬೇಕಲ್ಲ. ಅವ್ವ ಆಟೋದಲ್ಲಿ ನನ್ನ ಪಕ್ಕ ಕೂತಿದ್ದಳು. ಅವಳ ಸೆರಗಿನ ತುದಿ ಧೂಳಿನಿಂದ ಕಂದು ಬಣ್ಣಕ್ಕೆ ತಿರುಗಿತ್ತು.

ಮಳೆಗಾಲ ಕಳೆಯಿತು. ಆ ಮರ್ಯಾದೆಯ ಸಲಹೆಗಾರ ಕೆಲಸ ಬಿಟ್ಟುಹೋದ. ಅವನ ಜಾಗಕ್ಕೆ ಬಂದವಳು, "ಮೇಡಂ, ಪ್ರಾಬ್ಲಂ ಏನಿತ್ತು?" ಎಂದು ಮೊದಲಿನಿಂದ ಕೇಳಿದಳು. ಮೊದಲಿನಿಂದ ಹೇಳಿದೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದರು. ವಕೀಲರೊಬ್ಬರನ್ನು ಕಂಡೆ. ವರ್ಷಗಟ್ಟಲೆ ಹಿಡಿಯಬಹುದು, ಅಲ್ಲಿಯವರೆಗೆ ಗಾಡಿಯನ್ನು ರಿಪೇರಿ ಮಾಡಿಸಬೇಡಿ, ಅದೇ ಸಾಕ್ಷಿ ಅಂದರು. ನನಗೆ ಬೇಕಿದ್ದದ್ದು ಸಾಕ್ಷಿಯಲ್ಲ, ಗಾಡಿ.

ದೀಪಾವಳಿಯ ಹೊತ್ತಿಗೆ, ನಾನು ಕ್ಲಾಸಿನಲ್ಲಿದ್ದಾಗ ಫೋನು ಬಂತು. ಕಂಪನಿ ಒಪ್ಪಿದೆ, ಈ ಒಂದು ಸಲಕ್ಕೆ ಮಾತ್ರ, ಬ್ಯಾಟರಿಯ ಒಂದು ಭಾಗ ಬದಲಿಸಿಕೊಡುತ್ತಾರೆ ಎಂದು ಹೊಸ ಸಲಹೆಗಾರ್ತಿ ಹೇಳಿದಳು. ಯಾಕೆ ಒಪ್ಪಿದರು ಎಂದು ಕೇಳಿದೆ. "ಗೊತ್ತಿಲ್ರೀ ಮೇಡಂ" ಅಂದಳು. ಯಾಕೆ ಇಷ್ಟು ದಿನ ಒಪ್ಪಲಿಲ್ಲ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಅವ್ವನ ಮಾತು ಯಾರನ್ನಾದರೂ ಮುಟ್ಟಿತೋ, ಎಲ್ಲೋ ಕೂತ ಒಬ್ಬರು ಸುಮ್ಮನೆ ಒಂದು ಗುಂಡಿ ಒತ್ತಿದರೋ, ನನಗೆ ಇವತ್ತಿಗೂ ತಿಳಿದಿಲ್ಲ.

ಕಾರು ಬಂತು. ಚೆನ್ನಾಗಿ ತೊಳೆದು, ಒಳಗೆ ಸುಗಂಧ ಹೊಡೆದು ಕೊಟ್ಟಿದ್ದರು. ಏನು ಕೆಟ್ಟಿತ್ತು ಎಂದರೆ, "ಸಾಫ್ಟ್‌ವೇರ್ ಸುದ್ದಾ ಹೊಸಾದು ಹಾಕೀವ್ರೀ" ಎಂಬ ಉತ್ತರ. ಇನ್ನೊಮ್ಮೆ ನಿಂತರೆ ಎಂದು ಕೇಳಿದೆ. ಸಲಹೆಗಾರ್ತಿ ನಕ್ಕು, "ಹಂಗ್ಯಾಕ ಅಂತೀರಿ ಮೇಡಂ" ಅಂದಳು.

ಮಾರಿಬಿಡೋಣ ಎಂದು ವಿಚಾರಿಸಿದ್ದೂ ಆಯಿತು. ಹಳೇ ಗಾಡಿ ಕೊಳ್ಳುವವರು ಬ್ಯಾಟರಿಯ ಕತೆ ಕೇಳಿ ಹೇಳಿದ ಬೆಲೆ ತೀರಾ ಕಡಿಮೆ, ನಾನು ಎದ್ದು ಬಂದೆ. ಹೀಗಾಗಿ ಓಡಿಸುತ್ತಿದ್ದೇನೆ. ಗೆಳತಿ ಈಗ ನನ್ನ ಜೊತೆ ಬರುವುದಿಲ್ಲ. ಬಸ್ ಪಾಸು ಮಾಡಿಸಿಬಿಟ್ಟೀನಿ, ದುಡ್ಡು ದಂಡ ಆಗ್ತದ ಎನ್ನುತ್ತಾಳೆ. ನಾನೂ ಒತ್ತಾಯಿಸುವುದಿಲ್ಲ. ಅವಳು ಆ ದಿನ ಲಾರಿಗಳ ಎದುರು ದುಪಟ್ಟಾ ಬೀಸುತ್ತಾ ನಿಂತದ್ದನ್ನು ನಾನು ಕನ್ನಡಿಯಲ್ಲಿ ನೋಡಿದ್ದೇನೆ. ರಸ್ತೆಯ ಹಂಪುಗಳನ್ನು ಬಸುರಿಯಂತೆ ದಾಟುತ್ತೇನೆ. ಹಿಂದಿನವರು ಬೈಯುತ್ತಾ ಹೋಗುತ್ತಾರೆ.

ಹೋದ ವಾರ ಪರದೆಯ ಮೂಲೆಯಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ಕೆಂಪಲ್ಲ, ಹಳದಿ. ಫೋನು ಮಾಡಿದರೆ, "ಗಾಡಿ ತಂದು ಬಿಟ್ಟು ಹೋಗ್ರೀ ಮೇಡಂ, ನೋಡ್ತೀವಿ" ಅಂದರು. ಎಷ್ಟು ದಿನ ಎಂದೆ. "ನೋಡಿದ ಮ್ಯಾಲೇ ಹೇಳಾಕ ಬರ್ತದ್ರೀ." ನಾನು ಬಿಡಲಿಲ್ಲ. ಬಿಟ್ಟರೆ ಯಾವಾಗ ಬರುತ್ತದೆಂದು ಯಾರಿಗೆ ಗೊತ್ತು? ಬಿಡದಿದ್ದರೆ ಎಲ್ಲಿ ನಿಲ್ಲುತ್ತದೆಂದೂ ಯಾರಿಗೆ ಗೊತ್ತು? ಈ ಬೆಳಿಗ್ಗೆ ಗೇಟಿನ ಬಳಿ ಕೀಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ. ಅವ್ವ ಒಳಗಿನಿಂದ ನೀರಿನ ದೊಡ್ಡ ಬಾಟಲಿ ತಂದು ಹಿಂದಿನ ಸೀಟಿನಲ್ಲಿಟ್ಟಳು. ಬಿಸಿಲಿನಲ್ಲಿ ಕಾಯಬೇಕಾದರೆ ಇರಲಿ ಅಂದಳು. ನಾನು ಕೂತು ಬಾಗಿಲು ಹಾಕಿಕೊಂಡೆ. ಹಳದಿ ದೀಪ ಉರಿಯುತ್ತಲೇ ಇತ್ತು. ಕಮಲಾಪುರದ ದಾರಿ ಹಿಡಿದೆ.