ಹಂಪಕ್ಕನ ಕುರಿ ಕಿವಿಯ ಬ್ಲಾಗು

ಕೂಡ್ಲಿಗಿಯ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಹಂಪಕ್ಕನ ಕುರಿ ಔಷಧಿ ಅಂಗಡಿ ಇದೆ. ಜಂತಿನ ಔಷಧಿ, ಗಾಯಕ್ಕೆ ಹಚ್ಚುವ ಮುಲಾಮು, ಕೊರಳ ಗಂಟೆ, ಉಣ್ಣೆ ಕತ್ತರಿ, ಬೆನ್ನಿಗೆ ಬಳಿಯುವ ಕೆಂಪು ಬಣ್ಣ ಎಲ್ಲವೂ ಅಲ್ಲಿ ಸಿಗುತ್ತದೆ. ಸಿಗದಿರುವುದು ಒಂದೇ, ಸುಳ್ಳು ಹೊಗಳಿಕೆ. ‘ಇದನ್ನ ಕುಡಿಸಿದ್ರ ಕುರಿ ದಪ್ಪ ಆಗತೈತೇನಕ್ಕ?’ ಎಂದು ಕೇಳಿದವರಿಗೆ, ‘ದಪ್ಪ ಆಗಾಕ ಮೇವು ಹಾಕಪ್ಪ, ಇದು ಹುಳ ಸಾಯಾಕ’ ಎಂದು ಹೇಳಿ, ಕೈಗೆ ಬಂದ ವ್ಯಾಪಾರವನ್ನು ಬಾಗಿಲಿಂದಲೇ ವಾಪಸು ಕಳಿಸುವ ಹೆಂಗಸು ಆಕೆ. ವ್ಯಾಪಾರ ಬಲ್ಲವರು ಇದನ್ನು ಕಂಡು ತಲೆ ಚಚ್ಚಿಕೊಳ್ಳುತ್ತಾರೆ. ಆದರೆ ಹಡಗಲಿಯಿಂದ ಹರಪನಹಳ್ಳಿಯವರೆಗಿನ ಕುರಿಗಾರರು ನಡುವೆ ಸಿಗುವ ಅಂಗಡಿಗಳನ್ನೆಲ್ಲ ದಾಟಿ ಆಕೆಯ ಕಟ್ಟೆಗೇ ಬಂದು ಕೂರುವುದನ್ನು ನೋಡಿದ ಮೇಲೆ, ಚಚ್ಚಿಕೊಂಡ ತಲೆಯನ್ನು ಮೆಲ್ಲಗೆ ತುರಿಸಿಕೊಳ್ಳುತ್ತಾರೆ.

ಆ ಕಟ್ಟೆಯ ಮೇಲೆಯೇ ಆಕೆಯ ಬ್ಲಾಗು ಹುಟ್ಟಿದ್ದು. ಕುರಿಗಾರರಿಗೆ ಒಂದು ಹಳೆಯ ತಾಪತ್ರಯ: ಮೇವು ಹುಡುಕಿಕೊಂಡು ಹೋದ ಹಿಂಡುಗಳು ದಾರಿಯಲ್ಲಿ ಎದುರಾದಾಗ ಇವರ ಕುರಿ ಅವರಲ್ಲಿ ಸೇರಿಬಿಡುತ್ತದೆ. ಕಿವಿ ನೋಡಿ ಗುರುತು ಹಿಡಿಯಬೇಕು. ಒಬ್ಬರದು ಎಡಗಿವಿಯ ತುದಿ ಓರೆ ಕೊಯ್ತ, ಇನ್ನೊಬ್ಬರದು ಬಲಗಿವಿಯ ನಡುವೆ ಸೀಳು. ‘ನನ್ನ ಹಿಂಡಿನ್ಯಾಗ ಇಂಥಾ ಕಿವೀದು ಬಂದೈತಿ, ಯಾರದಾರ ಕೇಳಕ್ಕ’ ಎಂದು ಹೇಳಿ ಹೋಗುವವರ ಮಾತನ್ನು ಹಂಪಕ್ಕ ಮೊದಲು ಅಂಗಡಿಯ ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಬರೆಯುತ್ತಿದ್ದಳು. ಆಮೇಲೆ ಮೊಬೈಲಿನ ಗುಂಪುಗಳಲ್ಲಿ ಹಾಕಿದಳು. ಅಲ್ಲಿ ಕುರಿಯ ಫೋಟೋ ಮೇಲೆ ಶುಭೋದಯದ ಹೂವುಗಳು ಬಿದ್ದು ಬಿದ್ದು ಕುರಿ ಎರಡನೆಯ ಸಲ ಕಳೆದುಹೋಗುತ್ತಿತ್ತು. ‘ಮಂದಿ ಅಂಗಳದಾಗ ಎಷ್ಟು ದಿನ ಕುಂದರೂದು’ ಎಂದುಕೊಂಡು, ಕಂಪ್ಯೂಟರ್ ಆಪರೇಟರ್ ಆಗಿ ದುಡಿದ ಕಾಲದ ವಿದ್ಯೆಯನ್ನು ಝಾಡಿಸಿ, ಒಂದು ಕಂಪನಿಯ ಸರ್ವರಿನಲ್ಲಿ ಜಾಗ ಹಿಡಿದು ಸ್ವಂತ ಬ್ಲಾಗನ್ನೇ ಕಟ್ಟಿದಳು. ಹೆಸರು ‘ಕಿವಿಗುರುತು’. ಕುರಿ ಕೈಯಲ್ಲಿದ್ದಾಗಲೇ ಅದರ ಎರಡೂ ಕಿವಿಯ ಫೋಟೋ ಕಳಿಸಬೇಕು, ಅದು ತಾರೀಖಿನ ಸಮೇತ ಅಲ್ಲಿ ಕೂರುತ್ತದೆ. ಕಳೆದರೆ ಅದೇ ಸಾಕ್ಷಿ. ‘ಬಾಯಿಮಾತು ನಡೆಯೂದಿಲ್ಲ, ನನ್ನ ಮಾತೂ ನಡೆಯೂದಿಲ್ಲ’ ಎಂಬ ನಿಯಮವನ್ನು ಹಿರಿಯರ ಮುಂದೆ ಆಕೆಯೇ ಮಾಡಿದ್ದು. ಆ ನಿಯಮ ಒಂದು ದಿನ ಆಕೆಯ ಕಾಲಿಗೇ ತೊಡರಿಕೊಂಡಿತು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಇಬ್ಬರು ಕಟ್ಟೆಯ ಮೇಲೆ ಮುಖ ತಿರುಗಿಸಿಕೊಂಡು ಕೂತಿದ್ದರು. ಒಬ್ಬಳು ಉಜ್ಜಿನಿ ಕಡೆಯ ಕೂಲಿ ಹೆಂಗಸು ಜೋಗಮ್ಮ. ಆಕೆಗೆ ಇದ್ದದ್ದು ಒಂದೇ ಕುರಿ. ಅದನ್ನು ಒಬ್ಬ ಕುರಿಗಾರನ ಹಿಂಡಿನಲ್ಲಿ ಮೇಯಿಸಲು ಪಾಲಿಗೆ ಬಿಟ್ಟಿದ್ದಳು, ಅದು ಹಡಗಲಿ ಕಡೆ ಹಿಂಡು ತಪ್ಪಿಸಿಕೊಂಡಿತ್ತು. ಇನ್ನೊಬ್ಬ ನಾಗಪ್ಪ. ಕುರಿ ಸೇರಿಕೊಂಡದ್ದು ಅವನ ಹಿಂಡಿಗೆ, ಆ ಹಿಂಡು ಈಗ ಕೂಡ್ಲಿಗಿ ಪಕ್ಕದ ಹೊಲದಲ್ಲಿ ತಂಗಿತ್ತು. ಅವನ ಮನೆತನದ ಪದ್ಧತಿಯಂತೆ ಯಾರದೆಂದು ತಿಳಿಯದ ಕುರಿಯನ್ನು ಅಮಾವಾಸ್ಯೆಗೆ ಕುರಿಗಾರರ ದೇವರು ಬೀರಪ್ಪನ ಹಿಂಡಿಗೆ ಬಿಡಬೇಕು. ಬಿಟ್ಟದ್ದನ್ನು ಯಾರು ಬಂದರೂ ವಾಪಸು ಕೊಡುವ ಹಾಗಿಲ್ಲ.

‘ಅದು ನನ್ನ ಕೆಂಚೀನಽ ಅಕ್ಕ. ನಾನು ಕರದ್ರ ಓಡಿ ಬಂತು’ ಎಂದಳು ಜೋಗಮ್ಮ.

‘ಕೈಯಾಗ ಜ್ವಾಳ ಹಿಡಕೊಂಡು ಕರದ್ರ ನಾನೂ ಬರ್ತೀನಿ’ ಎಂದ ನಾಗಪ್ಪ. ‘ಹೋದ ವರ್ಷ ಒಬ್ಬನ ಬಾಯಿಮಾತಿಗೆ ಕೊಟ್ಟೆ. ಹಿಂದಿನಿಂದ ಖರೇ ಮಾಲಕ ಬಂದು ಸಂತಿನ್ಯಾಗ ನನ್ನ ಮಾನ ತಗದ. ಹಂಪಕ್ಕನ ಸೈಟಿನ್ಯಾಗ ಕಿವಿ ತೋರಸ್ಲಿ, ಈಗಿಂದೀಗ ಹೊಡಕೊಂಡು ಹೋಗ್ಲಿ.’

‘ತೋರಸೂಣು ಬರ್ರಿ’ ಎಂದು ಹಂಪಕ್ಕ ಲ್ಯಾಪ್‌ಟಾಪ್ ತೆರೆದಳು. ಜೋಗಮ್ಮನ ಕುರಿಯ ಕಿವಿಯನ್ನು ಆಕೆಯೇ ಹಿಡಿದು ಫೋಟೋ ಹಾಕಿದ್ದು ಚೆನ್ನಾಗಿ ನೆನಪಿತ್ತು.

ಸೈಟು ತೆರೆಯಲಿಲ್ಲ. ಬಿಳಿ ಹಾಳೆಯ ಮೇಲೆ ಒಂದು ಸಾಲು ಇಂಗ್ಲಿಷ್ ಬಂತು: ನಿಮಗೆ ಕೊಟ್ಟ ಮೆಮೊರಿಯ ಮಿತಿ ಮುಗಿದಿದೆ.

‘ಏನಂತಕ್ಕ?’ ಎಂದಳು ಜೋಗಮ್ಮ.

‘ಸಾಮಾನು ಇಡಾಕ ಕ್ವಾಣಿ ಬ್ಯಾರೆ, ಬಿಚ್ಚಿ ನೋಡಾಕ ನೆಲ ಬ್ಯಾರೆ. ಕ್ವಾಣಿ ತುಂಬಿಲ್ಲ. ಬಿಚ್ಚೂ ನೆಲ ಸಾಲವಲ್ದು ಅಂತೈತಿ.’

‘ಹಂಗಾರ ನನ್ನ ಕೆಂಚಿ ಕ್ವಾಣ್ಯಾಗ ಅದಾಳ?’

‘ಅದಾಳ. ಬಾಗಲಾ ತೆಗೀವಲ್ದು.’

ನಾಗಪ್ಪ ಆಕಾಶ ನೋಡಿದ. ಅಂಥ ಸಮಯಕ್ಕೆ ಬೇರೆಯವರಾಗಿದ್ದರೆ ಲ್ಯಾಪ್‌ಟಾಪನ್ನು ಎರಡು ಬಡಿದು, ಕಂಪನಿಯವರನ್ನು ಬೈದು, ಚಹಾ ಕುಡಿಯಲು ಹೋಗುತ್ತಿದ್ದರು. ಹಂಪಕ್ಕ ಚಹಾ ತರಿಸಿ ಅವರಿಬ್ಬರಿಗೆ ಕೊಟ್ಟು, ತಾನು ಕುಡಿಯುವುದನ್ನು ಮರೆತಳು.

ಸೈಟಿನ ಮುಂಬಾಗಿಲು ಮುಚ್ಚಿದ್ದರೂ ಕಂಪನಿಯ ಕಡತಗಳ ಪುಟದ ಮೂಲಕ ಹಿತ್ತಲಿಂದ ಹೋಗಬಹುದಿತ್ತು. ಆದರೆ ಅಲ್ಲಿ ಫೋಟೋಗಳಿಗೆ ಬರೀ ಅಂಕಿಯ ಹೆಸರು; ಯಾವ ಕಿವಿ ಯಾರದು, ಯಾವ ತಾರೀಖಿನದು ಎಂದು ಸೈಟೇ ಹೇಳಬೇಕು. ಅಲ್ಲಿ ಹೋಗಿ ಮಿತಿಯ ಅಂಕಿಯನ್ನು ಇಮ್ಮಡಿ ಮಾಡಿದಳು. ಫಲ ಸಿಗಲಿಲ್ಲ. ಮತ್ತೆ ಇಮ್ಮಡಿ ಮಾಡಿದಳು. ಅದೇ ಬಿಳಿ ಹಾಳೆ. ಕಂಪನಿಗೆ ಫೋನು ಹಚ್ಚಿದರೆ ಒಬ್ಬ ಹುಡುಗ ಬಹಳ ವಿನಯದಿಂದ, ನೀವು ಎಷ್ಟು ಬರೆದುಕೊಂಡರೂ ನಿಮ್ಮ ಯೋಜನೆಯಲ್ಲಿ ಇಷ್ಟೇ ಮೇಡಂ, ಅದರ ಮೇಲೆ ನಮ್ಮ ಯಂತ್ರ ಕೊಡುವುದಿಲ್ಲ ಎಂದ. ದೊಡ್ಡ ಯೋಜನೆಗೆ ಹೋಗಿ ಎಂದೂ ಸೇರಿಸಿದ. ಯಾವ ವ್ಯಾಪಾರಿಯಾದರೂ ಹಾಗೆಯೇ ಹೇಳುತ್ತಾನೆ, ಅದಕ್ಕೆ ಹಂಪಕ್ಕ ಬೇಸರಪಟ್ಟುಕೊಳ್ಳಲಿಲ್ಲ. ಆದರೆ ಆ ಹುಡುಗ ಕೊನೆಯಲ್ಲಿ, ‘ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿ ಮೇಡಂ, ಎಲ್ಲ ಒಟ್ಟಿಗೆ ಬೇಡ’ ಎಂದದ್ದು ಒಳ್ಳೆಯ ಮಾತು. ಆಕೆ ಅವನ ಹೆಸರು ಕೇಳಿ, ಒಳ್ಳೆಯದಾಗಲಿ ಎಂದು ಹರಸಿ ಫೋನಿಟ್ಟಳು.

ಪ್ಲಗಿನ್ ಎಂದರೆ ಸೈಟಿಗೆ ಹೊರಗಿನಿಂದ ತಗುಲಿಸಿದ ಕೆಲಸದಾಳು, ಒಂದೊಂದಕ್ಕೆ ಒಂದೊಂದು ಕೆಲಸ. ಒಂದನ್ನು ನಿಲ್ಲಿಸುವುದು, ನೋಡುವುದು, ಸರಿಹೋಗದಿದ್ದರೆ ಅದನ್ನು ಮತ್ತೆ ಚಾಲೂ ಮಾಡಿ ಮುಂದಿನದಕ್ಕೆ ಕೈಹಾಕುವುದು. ಹಿಂಡಿನಲ್ಲಿ ಕೆಮ್ಮುವ ಕುರಿ ಯಾವುದೆಂದು ಹುಡುಕುವಾಗ ಆಕೆಯ ಅಪ್ಪ ಹಾಗೆಯೇ ಒಂದೊಂದನ್ನೇ ಬೇರೆ ಕಟ್ಟಿ ನೋಡುತ್ತಿದ್ದ. ಕೊನೆಗೆ, ನೋಡುವವರ ಮೊಬೈಲಿಗೆ ತಕ್ಕಂತೆ ಫೋಟೋಗಳನ್ನು ಅಳತೆ ಮಾಡಿ ಬಡಿಸುವ ಪ್ಲಗಿನ್ ನಿಲ್ಲಿಸಿದಾಗ ಸೈಟು ತೆರೆಯಿತು.

‘ಬಂತು!’ ಎಂದು ಜೋಗಮ್ಮ ಎದ್ದು ನಿಂತಳು.

ಬಂದದ್ದು ಅಕ್ಷರ ಮಾತ್ರ. ಕಿವಿಗಳಿರಬೇಕಾದ ಜಾಗದಲ್ಲಿ ಖಾಲಿ ಚೌಕಗಳು ಸಾಲಾಗಿ ನಿಂತಿದ್ದವು. ಫೋಟೋ ಬಡಿಸುವವನನ್ನೇ ಹೊರಗೆ ಹಾಕಿದರೆ ಎಲೆಯ ಮೇಲೆ ಏನು ಬಿದ್ದೀತು?

‘ಅಕ್ಕ, ನೀನು ಒಂದು ಮಾತು ಹೇಳಿದ್ರ ಮುಗೀತಲ್ಲ’ ಎಂದ ನಾಗಪ್ಪ, ಅವನಿಗೂ ಕರುಣೆ ಬಂದಿತ್ತು. ‘ಇದು ಈಕೀದು ಅಂತ ನೀ ಅನ್ನು. ನಿನ್ನ ಮ್ಯಾಲ ನನಗ ನಂಬಿಗಿ ಐತಿ.’

ಜೋಗಮ್ಮ ಹಂಪಕ್ಕನ ಮುಖವನ್ನೇ ನೋಡಿದಳು. ಒಂದು ಮಾತು ಸಾಕಿತ್ತು. ಕುರಿ ಅವಳದೇ ಎಂಬುದರಲ್ಲಿ ಹಂಪಕ್ಕನಿಗೆ ಸಂಶಯವೂ ಇರಲಿಲ್ಲ.

‘ಇವತ್ತು ನಾ ಅಂದೆ ಅಂತ ಕೊಡ್ತಿ. ನಾಳಿ ಇನ್ನೊಬ್ಬಾಂವ ಬಂದು, ಅಕೀಗಂದಿ, ನನಗೂ ಅನ್ನು ಅಂತಾನ. ಆಮ್ಯಾಲ ಇದು ಕಿವಿಗುರುತಲ್ಲ, ಹಂಪಕ್ಕನ ಗುರ್ತಿನೋರು ಅಂತಾಗತೈತಿ. ಜೋಗವ್ವ, ಸಿಟ್ಟಾಗಬ್ಯಾಡ. ಹೊತ್ತು ಮುಳುಗೂತನಾ ಟೈಮ್ ಕೊಡು.’

ಜೋಗಮ್ಮ ಸಿಟ್ಟಾದಳು. ‘ನಿನ್ನ ನೇಮ ನೀ ಉಪ್ಪಿನಕಾಯಿ ಹಾಕ್ಕೋ’ ಎಂದು ಸೆರಗು ಝಾಡಿಸಿ, ಎದ್ದು ಹೋಗದೆ ಅಲ್ಲಿಯೇ ಕೂತಳು.

ಹಂಪಕ್ಕ ಹೆಚ್ಚು ಜಾಗ ಹಿಡಿಯುವ ತೂಕದ ಫೋಟೋಗಳ ಮೇಲೆ ಬಿದ್ದಳು. ಯಾರೋ ಹೊಸ ಫೋನಿನಲ್ಲಿ ತೆಗೆದ ಟಗರಿನ ಭಾರೀ ಫೋಟೋ ಒಂದಿತ್ತು, ಅದನ್ನು ಪಕ್ಕಕ್ಕಿಟ್ಟು ಪ್ಲಗಿನ್ ಚಾಲೂ ಮಾಡಿದರೆ ಮತ್ತೆ ಬಿಳಿ ಹಾಳೆ. ಅದರ ನಂತರದ ದೊಡ್ಡವನ್ನೂ ತೆಗೆದಳು, ಅದೇ ಕಥೆ. ಆಗ ಕೈ ಬಿಟ್ಟು ಯೋಚಿಸಿದಳು: ಹೋದ ಸೋಮವಾರದವರೆಗೆ ನಡೆಯುತ್ತಿದ್ದದ್ದು ಈಗ ಯಾಕೆ ನಿಂತಿತು? ಸೋಮವಾರ ಹೊಸದಾಗಿ ಬಂದದ್ದು ಏನು?

ಉತ್ತರ ಬೆಳಗಿನಿಂದ ಆಕೆಯ ಕಣ್ಣೆದುರಿಗೇ ಇತ್ತು. ಆದರೆ ಆ ಕಡೆ ನೋಡಲು ಧೈರ್ಯವಿರಲಿಲ್ಲ. ಸೋಮವಾರ ಬಾಗಳಿ ಕಡೆಯ ಪೂಜಾರಿ ಹುಲುಗಣ್ಣ ಒಂದು ಪೆನ್‌ಡ್ರೈವ್‌ನಲ್ಲಿ ಬೀರಪ್ಪನ ಹೊಸ ಚಿತ್ರ ತಂದುಕೊಟ್ಟಿದ್ದ. ಎಲ್ಲ ಪುಟದಲ್ಲೂ ಮೊದಲು ದೇವರ ಮುಖ ಬರಬೇಕು, ದೇವರನ್ನು ಕತ್ತರಿಸಬಾರದು, ಕುಗ್ಗಿಸಬಾರದು ಎಂದು ದೇವರ ಅರಿಶಿನ, ಭಂಡಾರ ಮುಟ್ಟಿಸಿ ಮಾತು ತೆಗೆದುಕೊಂಡಿದ್ದ. ಆಕೆ ಅವತ್ತೇ ಅದನ್ನು ಕೂರಿಸಿದ್ದಳು, ಆಮೇಲೆ ಸೈಟು ತೆರೆದು ನೋಡಿರಲಿಲ್ಲ. ಕಡತ ನೋಡಿದರೆ ಹಗುರ, ಟಗರಿನ ಫೋಟೋದ ಕಾಲುಭಾಗವೂ ಇಲ್ಲ. ಹಗುರಾದವನ ಮೇಲೆ, ಅದರಲ್ಲೂ ದೇವರ ಮೇಲೆ, ಯಾರು ಅನುಮಾನಪಡುತ್ತಾರೆ? ಬೇರೆ ಊರಿನ ಯಾವ ಬ್ಲಾಗಿನವರಾದರೂ ಮೊದಲಿಗೇ ಅದನ್ನು ತೆಗೆದು ನೋಡುತ್ತಿದ್ದರು. ಕುರಿಗಾರರ ಮನೆಯ ಮಗಳು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದು ನೋಡಿದ್ದಳು.

ಆ ಚಿತ್ರ ಮಾಡಿದ್ದು ಹಗರಿಬೊಮ್ಮನಹಳ್ಳಿಯ ಫ್ಲೆಕ್ಸ್ ಅಂಗಡಿಯ ಮೌನೇಶ್. ಅವನಿಗೆ ಫೋನು ಹಚ್ಚಿದಳು.

‘ಮೌನೇಶ, ಬೀರಪ್ಪನ ಫೈಲು ನಿನ್ನ ಕಂಪ್ಯೂಟರಿನ್ಯಾಗ ಹೆಂಗ ತೆರೀತೈತಪ?’

‘ತೆರೀತೈತಕ್ಕ, ಅಷ್ಟರಾಗ ನಾ ಹೋಗಿ ಮಿರ್ಚಿ ಮಂಡಕ್ಕಿ ತಿಂದು ಬರ್ತೀನಿ. ಗುಡಿ ಮುಂದಿನ ಕಮಾನಿಗೆ ಮಾಡಿದ್ದಲ್ಲೇನು ಅದು.’

‘ತೂಕ ಭಾಳ ಕಡಿಮಿ ಐತಲ್ಲೋ.’

‘ತೂಕ ಏನು ನೋಡ್ತಿ, ಅಳತಿ ನೋಡು. ಸುತ್ತಲೂ ಬರೇ ಭಂಡಾರದ ಹಳದಿ, ಒಂದಽ ಬಣ್ಣ. ಹಂಗಾಗಿ ಮಡಚಿದ್ರ ಹಿಡಿಯಷ್ಟು ಆಗತೈತಿ. ಬಿಚ್ಚಿದ್ರ ಕಮಾನಿನಷ್ಟು.’

ಹಂಪಕ್ಕ ಫೋನಿಟ್ಟು ನಾಗಪ್ಪನ ಹೆಗಲ ಮೇಲಿನ ಮಡಚಿದ ಕಂಬಳಿಯನ್ನು ನೋಡಿದಳು. ‘ಅಣ್ಣ, ಅದನ್ನ ಒಮ್ಮೆ ನನ್ನ ಅಂಗಡ್ಯಾಗ ಹಾಸು.’

‘ಯಾಕ, ಮಲಗ್ತೀಯೇನು?’ ಎನ್ನುತ್ತಲೇ ಅವನು ಹಾಸಿದ. ಅಂಗಡಿಯ ನೆಲ ಮುಚ್ಚಿಹೋಗಿ, ಗಿರಾಕಿ ಕಾಲಿಡಲೂ ಜಾಗ ಉಳಿಯಲಿಲ್ಲ.

‘ನೋಡು, ಹೆಗಲ ಮ್ಯಾಲಿದ್ದಾಗ ಇದು ಕಂಡಿತ್ತೇನು? ಸರ್ವರಿನ್ಯಾಗೂ ಇದಽ ಆಗೈತಿ. ಪ್ರತಿ ಪುಟಕ್ಕೂ ಬೀರಪ್ಪನ್ನ ಪೂರಾ ಬಿಚ್ಚಿ ಹಾಸಾಕ ಹೋಗಿ, ನೆಲ ಸಾಲದಽ ಎಲ್ಲಾ ನಿಂತೈತಿ.’

ರೋಗ ಸಿಕ್ಕಿತು, ಮದ್ದು ಮುಟ್ಟುವಂತಿಲ್ಲ. ಚಿತ್ರವನ್ನು ಕುಗ್ಗಿಸಿದರೆ ಕೆಲಸ ಕ್ಷಣದ್ದು, ಹುಲುಗಣ್ಣನಿಗೆ ತಿಳಿಯುವುದೂ ಇಲ್ಲ. ‘ಯಾರು ನೋಡ್ತಾರ, ಮಾಡು’ ಎಂದಳು ಜೋಗಮ್ಮ. ಆದರೆ ಭಂಡಾರ ಮುಟ್ಟಿದ ಕೈ ಅದು. ಹಂಪಕ್ಕ ಬಾಗಳಿ ಕಡೆಗೆ ಫೋನು ಹಚ್ಚಿದಳು.

‘ಹುಲುಗಣ್ಣ, ನಮಸ್ಕಾರ್ರಿ. ಒಂದು ಕೇಳೂದೈತಿ. ಗರ್ಭಗುಡಿ ಒಳಗಿನ ಬೀರಪ್ಪ ಪಲ್ಲಕ್ಕಿ ಏರ್ತಾನೇನ್ರಿ?’

‘ಹೆಂಗ ಏರ್ತಾನವಾ? ಕಲ್ಲು ಮೂರ್ತಿ, ಕೀಳಾಕಾಗತೈತೇನು? ಪಲ್ಲಕ್ಕಿಗೆ ಬೆಳ್ಳಿ ಮುಖ ಐತಿ.’

‘ಅದು ಅಂಗೈಯಷ್ಟಗಲ ಐತಲ್ರಿ. ಹಂಗಾರ ಬೀರಪ್ಪನ್ನ ಕುಗ್ಗಿಸಿದಂಗಾತೇನು?’

‘ನೀನು ಏನೋ ವ್ಯಾಪಾರಕ್ಕ ಕುಂತಿ ಅನ್ನು’ ಎಂದ ಹುಲುಗಣ್ಣ.

‘ದೊಡ್ಡ ಚಿತ್ರ ಗುಡ್ಯಾಗಿನ ಮೂರ್ತಿ ಇದ್ದಂಗ ಒಳಗಽ ಇರ್ಲಿ, ಅಳಿಸೂದಿಲ್ರಿ. ಮಂದಿ ಫೋನಿಗೆ ಊರೂರು ತಿರುಗಾಕ ಒಂದು ಪಲ್ಲಕ್ಕಿ ಮೂರ್ತಿ ಮಾಡ್ಕೊಳ್ಳಾಕ ಅಪ್ಪಣಿ ಕೊಡ್ರಿ. ಇಲ್ಲಿ ಒಬ್ಬಾಕಿ ಕುರಿ ನಾಳಿ ಕೈ ತಪ್ಪತೈತಿ.’

‘ಕುರಿ ಬಿಡಿಸಾಕ ಬೀರಪ್ಪನಽ ಅಡ್ಡ ಕುಂತಾನಂದ್ರ ಅವನಿಗೂ ಬ್ಯಾಸರ’ ಎಂದ ಹುಲುಗಣ್ಣ, ‘ಮುಖ ಪೂರಾ ಬರ್ಲಿ. ಕಾಯಿ ಒಡದು ಮಾಡವಾ.’

ಪಕ್ಕದ ಕಿರಾಣಿ ಅಂಗಡಿಯಿಂದ ತೆಂಗಿನಕಾಯಿ ಬಂತು, ನಾಗಪ್ಪನೇ ಒಡೆದ. ಹಂಪಕ್ಕ ಚಿತ್ರದ ಸಣ್ಣ ಪ್ರತಿ ಮಾಡಿ ಪುಟದ ನೆತ್ತಿಗೆ ಕೂರಿಸಿ, ದೊಡ್ಡದನ್ನು ಯಾರೂ ಬಿಚ್ಚದ ಹಾಗೆ ಬೇರೆ ಜಾಗದಲ್ಲಿಟ್ಟು, ನಿಲ್ಲಿಸಿದ್ದ ಪ್ಲಗಿನ್ ಚಾಲೂ ಮಾಡಿದಳು. ಏರಿಸಿದ್ದ ಮಿತಿಯ ಅಂಕಿಯನ್ನೂ ಮೊದಲಿನಂತೆ ಇಳಿಸಿದಳು. ಕೆಲಸ ಮಾಡದ ಮದ್ದನ್ನು ಕುರಿಯ ಹೊಟ್ಟೆಯಲ್ಲಿ ಬಿಡುವುದು ಆಕೆಯ ಜಾಯಮಾನವಲ್ಲ.

ಪುಟ ತೆರೆಯಿತು. ಮೇಲೆ ಹಳದಿಯ ನಡುವೆ ಬೀರಪ್ಪ, ಕೆಳಗೆ ಒಂದೊಂದಾಗಿ ಕಿವಿಗಳು. ಜೋಗಮ್ಮನ ಹೆಸರು ಒತ್ತಿದಾಗ ಕೆಂಚಿಯ ಎಡಗಿವಿ ಬಂತು, ತುದಿ ಓರೆ. ಬಲಗಿವಿಯ ಕೆಳಗೆ ಅರ್ಧಚಂದ್ರದ ಕೊಯ್ತ. ಪಕ್ಕದಲ್ಲಿ ತಾರೀಖು, ಹಿಂಡು ತಪ್ಪುವುದಕ್ಕಿಂತ ಎಷ್ಟೋ ಮೊದಲಿನದು.

ನಾಗಪ್ಪ ಬಗ್ಗಿ ನೋಡಿದ. ಬೆರಳಿನಿಂದ ಪರದೆಯ ಮೇಲಿನ ಕಿವಿಯನ್ನು ಸವರಿದ. ‘ಹೌದು. ಈಕೀದಽ’ ಎಂದ. ‘ಆದ್ರ ಒಂದು ಮಾತು. ನಿನ್ನ ಕೆಂಚಿ ನನ್ನ ಹಿಂಡಿನ್ಯಾಗ ಈದೈತಿ. ಎರಡು ಮರಿ. ಅವುಕ್ಕ ಫೋಟೋನೂ ಇಲ್ಲ, ಗುರುತೂ ಇಲ್ಲ.’

ಜೋಗಮ್ಮನೂ ನಿಯಮ ಮಾಡಿದವಳೂ ಅವನ ಮುಖವನ್ನೇ ನೋಡಿದರು.

‘ಹಿಂಗ್ಯಾಕ ನೋಡ್ತೀರಿ ಇಬ್ರೂ?’ ಎಂದು ನಾಗಪ್ಪ ಕಂಬಳಿ ಝಾಡಿಸಿ ಹೆಗಲಿಗೇರಿಸಿದ. ‘ಯಾವ ಮಲಿ ಕುಡೀತಾವ ಅಂತ ನನ್ನ ಕಣ್ಣಿಗೆ ಕಾಣೂದಿಲ್ಲೇನು? ನಡೀರಿ. ಅಕ್ಕ, ನೀನೂ ಬಾ, ಫೋನು ತಗೊಂಡು ಬಾ.’

ಹೊಲದಲ್ಲಿ ಹಿಂಡಿನ ನಡುವಿನಿಂದ ಕೆಂಚಿ, ಕೈಯಲ್ಲಿ ಜೋಳವಿಲ್ಲದಿದ್ದರೂ, ಜೋಗಮ್ಮನ ಕಡೆಗೆ ಬಂತು. ನಾಗಪ್ಪ ನೋಡದವನಂತೆ ಇದ್ದ. ಸೊಂಟದ ಚೂರಿಯನ್ನು ಕಲ್ಲಿಗೆ ಮಸೆದು, ಒಂದು ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ‘ನಿಮ್ಮದು ಎಡಕ್ಕ ಓರೆ, ಬಲಕ್ಕ ಅರ್ಧಚಂದ್ರ, ಹೌದಿಲ್ಲೋ?’ ಎಂದು ಕೇಳಿದ. ಜೋಗಮ್ಮ ಹೌದೆಂದು ತಲೆಯಾಡಿಸಿದಳು. ಅವನು ತನ್ನ ಕೈಯಾರೆ ಅವಳ ಗುರುತು ಕೊಯ್ದು ಅರಿಶಿನ ಒತ್ತಿದ.

ಹಂಪಕ್ಕ ಫೋಟೋ ತೆಗೆದಳು. ಮರಿ ಕಿವಿ ಒದರಿದ್ದರಿಂದ ಅದು ಮಸುಕಾಗಿ ಬಂತು.

‘ಗಟ್ಟಿಯಾಗಿ ಹಿಡಿಯಪ್ಪ, ಇನ್ನೊಮ್ಮೆ’ ಎಂದಳು.